ಅಂಗೈಯೊಳಗಿನ ಮಹಾಯುದ್ಧ

ಎರಡನೇ ಮಹಾಯುದ್ಧವನ್ನು 280 ಗ್ರಾಂ ತೂಕದ ಪೆಟ್ಟಿಗೆಯೊಂದರಲ್ಲಿ ತುಂಬಿ ಹುಡುಗರ ಕೈಗೆ ಕೊಡಲು ಬರುತ್ತದೆಯೇ? ಬರುತ್ತದೆ ಎಂದು ಹೊರಟವರು ಹಲವರು. ಅವರಲ್ಲಿ ಒಂದು ಯತ್ನದ ಹೆಸರು ‘ಕಾಲ್ ಆಫ್ ಡ್ಯೂಟಿ: ರೋಡ್ಸ್ ಟು ವಿಕ್ಟರಿ’. 2007ರ ಮಾರ್ಚ್‌ನಲ್ಲಿ ಬಂದ ಈ ವಿಡಿಯೋ ಗೇಮನ್ನು ಪ್ರಕಟಿಸಿದ್ದು ಅಮೆರಿಕದ ಆಕ್ಟಿವಿಷನ್ ಕಂಪನಿ, ತಯಾರಿಸಿದ್ದು ಅಮೇಜ್ ಎಂಟರ್‌ಟೈನ್‌ಮೆಂಟ್. ಸೋನಿಯವರ ಪಿ.ಎಸ್.ಪಿ. ಎಂಬ ಕೈಯಂತ್ರದಲ್ಲಿ ಆಡುವುದಕ್ಕೆಂದೇ ಇದನ್ನು ಹೊಸದಾಗಿ ರೂಪಿಸಲಾಗಿತ್ತು.

ಬಂದೂಕು ಹಿಡಿದ ಸೈನಿಕನ ಕಣ್ಣಿನಿಂದಲೇ ರಣರಂಗವನ್ನು ನೋಡುತ್ತಾ ಮುಂದೆ ಸಾಗುವ ಆಟ ಇದು. ಪರದೆಯ ಕೆಳಗೆ ಬಂದೂಕಿನ ನಳಿಗೆ ಕಾಣುತ್ತದೆ, ಹಿಡಿದವನ ಮುಖ ಕಾಣುವುದಿಲ್ಲ. ಒಟ್ಟು 14 ಹಂತಗಳು. ಅಮೆರಿಕದ 82ನೇ ಏರ್‌ಬೋರ್ನ್ ಡಿವಿಷನ್, ಕೆನಡಾದ ಸೇನೆ, ಬ್ರಿಟನ್ನಿನ ಪ್ಯಾರಾಚೂಟ್ ಪಡೆ, ಹೀಗೆ ಮೂರು ದೇಶಗಳ ಸೈನಿಕರ ವೇಷವನ್ನು ಆಟಗಾರ ಸರದಿಯ ಮೇಲೆ ತೊಡುತ್ತಾನೆ. ಆಟ ಬಂದಾಗ ವಿಮರ್ಶಕರು ಹೊಗಳಿದ್ದೂ ಉಂಟು, ತೆಗಳಿದ್ದೂ ಉಂಟು. ಬೇಗ ಮುಗಿದುಹೋಗುತ್ತದೆ, ಇಂಟರ್‌ನೆಟ್ ಮೂಲಕ ಆಡಲು ಬರುವುದಿಲ್ಲ, ಗುಂಡಿಗಳು ಕೈಗೆ ಒಗ್ಗುವುದಿಲ್ಲ ಎಂಬುವು ಮುಖ್ಯ ದೂರುಗಳು. ಇಷ್ಟು ವರ್ಷಗಳ ನಂತರ, ಅದಕ್ಕಿಂತ ನೂರು ಪಾಲು ಚುರುಕಾದ ಫೋನು ಪ್ರತಿ ಮನೆಯ ಹುಡುಗನ ಕೈಗೆ ಬಂದಿರುವಾಗ, ಈ ಹಳೆಯ ಆಟದ ಗುಣದೋಷಗಳನ್ನು ಮತ್ತೆ ಎಣಿಸಿ ನೋಡಿದರೆ ಲೆಕ್ಕ ತಿರುವುಮುರುವಾಗಿ ಬರುತ್ತದೆ. ಅಂದು ಕುಂದು ಎನಿಸಿದ್ದು ಇಂದು ಗುಣವಾಗಿ ಕಾಣುತ್ತದೆ. ಅಂದು ‘ಅನುಕೂಲ’ ಎಂದು ಎಲ್ಲರೂ ಒಪ್ಪಿಕೊಂಡಿದ್ದರಲ್ಲೇ ನಿಜವಾದ ಕೊರತೆ ಅಡಗಿದೆ.

ಸಾಸಿವೆ ಕಾಳಿನಷ್ಟು ಶತ್ರು

ಮೊದಲು ಯಂತ್ರದ ಮಿತಿಯನ್ನು ತಿಳಿಯಬೇಕು. ಪಿ.ಎಸ್.ಪಿ.ಯ ಪರದೆ ಮೂಲೆಯಿಂದ ಮೂಲೆಗೆ 4.3 ಅಂಗುಲ. ಅಗಲ ಸುಮಾರು ಒಂಬತ್ತೂವರೆ ಸೆಂಟಿಮೀಟರ್. ಅದರಲ್ಲಿ ಅಡ್ಡಸಾಲಿಗೆ 480ರಂತೆ 272 ಸಾಲು ಚುಕ್ಕಿಗಳು, ಅಂದರೆ ಒಟ್ಟು 1,30,560 ಪಿಕ್ಸೆಲ್‌ಗಳು. ಅದೇ ಕಾಲದಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ ದೊಡ್ಡ ಯಂತ್ರಗಳು 1280ಕ್ಕೆ 720 ಚುಕ್ಕಿಗಳ ಚಿತ್ರ ಮೂಡಿಸುತ್ತಿದ್ದವು. ಲೆಕ್ಕ ಹಾಕಿದರೆ ಇದರ ಏಳು ಪಟ್ಟು.

ಇದರ ಪರಿಣಾಮವೇನು ಎಂಬುದನ್ನು ಹತ್ತನೇ ತರಗತಿಯ ತ್ರಿಕೋನಮಿತಿ ಬಲ್ಲ ವಿದ್ಯಾರ್ಥಿ ತಾನೇ ಕಂಡುಕೊಳ್ಳಬಹುದು. ಪರದೆಯ ಎಡ ಅಂಚಿನಿಂದ ಬಲ ಅಂಚಿನವರೆಗೆ ಕಾಣುವ ನೋಟ 60 ಡಿಗ್ರಿ ಕೋನದ್ದು ಎಂದುಕೊಳ್ಳಿ. 1.75 ಮೀಟರ್ ಎತ್ತರದ ಆಳು 50 ಮೀಟರ್ ದೂರದಲ್ಲಿ ನಿಂತರೆ ಪರದೆಯಲ್ಲಿ ಅವನ ಎತ್ತರ ಸುಮಾರು 15 ಪಿಕ್ಸೆಲ್. ಅಳೆದರೆ ಮೂರು ಮಿಲಿಮೀಟರ್, ಅಂದರೆ ಅರ್ಧ ಅಕ್ಕಿಕಾಳು. 100 ಮೀಟರ್ ದೂರಕ್ಕೆ ಹೋದನೋ, ಅವನು ಒಂದು ಸಾಸಿವೆ ಕಾಳಿನಷ್ಟಾಗುತ್ತಾನೆ. ಅವನ ತಲೆ ಒಂದೇ ಒಂದು ಚುಕ್ಕಿ! ಕಿಟಕಿಯ ಮರೆಯಲ್ಲಿ ನಿಂತ ಬೂದುಬಣ್ಣದ ಆ ಚುಕ್ಕಿಯನ್ನು, ಬೂದುಬಣ್ಣದ ಗೋಡೆಯಿಂದ ಬೇರ್ಪಡಿಸಿ ನೋಡಲು ಹದ್ದಿನ ಕಣ್ಣೂ ಸೋಲುತ್ತದೆ. ಬಸ್ಸಿನ ಕಿಟಕಿಯ ಪಕ್ಕ ಕುಳಿತು ಆಡುವಾಗ ಹೊಳೆಯುವ ಪರದೆಯ ಮೇಲೆ ಬಿಸಿಲು ಬಿದ್ದರಂತೂ ಮುಗಿಯಿತು.

ಯಂತ್ರದ ಒಳಗೂ ಇಕ್ಕಟ್ಟೇ. ಕೆಲಸಕ್ಕೆ ಸಿಗುವ ಸ್ಮರಣೆ 32 ಮೆಗಾಬೈಟ್. ಪ್ರೊಸೆಸರ್‌ಗೆ 333 ಮೆಗಾಹರ್ಟ್ಸ್ ವೇಗದ ತಾಕತ್ತಿದ್ದರೂ ಸೋನಿ ಅದನ್ನು ಮೊದಮೊದಲು 222ಕ್ಕೇ ಕಟ್ಟಿಹಾಕಿತ್ತು. ಆ ಕಟ್ಟು ಸಡಿಲವಾದದ್ದು 2007ರ ನಡುಭಾಗದಲ್ಲಿ, ಈ ಆಟ ಅಂಗಡಿಗೆ ಬಂದ ಮೇಲೆ. ಆಟವಿದ್ದದ್ದು ಯು.ಎಂ.ಡಿ. ಎಂಬ ಆರು ಸೆಂಟಿಮೀಟರ್ ವ್ಯಾಸದ ಪುಟ್ಟ ಬಿಲ್ಲೆಯಲ್ಲಿ. ಅದರಲ್ಲಿ ಹಿಡಿಸುವುದು ಹೆಚ್ಚೆಂದರೆ 1.8 ಗಿಗಾಬೈಟ್. ಬಿಲ್ಲೆ ತಿರುಗಬೇಕು, ಬೆಳಕಿನ ಕಿರಣ ಓದಬೇಕು, ಓದಿದ್ದು ಒಳಗೆ ಬರಬೇಕು. ಅಲ್ಲಿಯವರೆಗೆ ಸೈನಿಕ ಕಾಯಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆ ಅಮೇಜ್‌ನ ತಂತ್ರಜ್ಞರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಅವರು ಮಾಡಿದ್ದು ಅದನ್ನೇ. ಬಯಲನ್ನು ಓಣಿಯನ್ನಾಗಿಸಿದರು. ಮುರಿದ ಗೋಡೆ, ಬೇಲಿ, ಕಂದಕಗಳ ನಡುವೆ ಒಂದೇ ದಾರಿ. ಆ ದಾರಿಯಲ್ಲಿ ಒಮ್ಮೆಗೆ ಕೆಲವೇ ಶತ್ರುಗಳು, ಅವರೂ ಹತ್ತಿರದಲ್ಲೇ. ಪ್ರತಿ ಹಂತವೂ ಚಿಕ್ಕದು. ಒಂದು ಹಂತ ಮುಗಿಸಿ ಯಂತ್ರವನ್ನು ಚೀಲದೊಳಗೆ ಇಡಬಹುದು. ಇಷ್ಟು ಸಣ್ಣ ಜಾಗದಲ್ಲಿ ಹೊಗೆ, ಬೆಂಕಿ, ಉರುಳಿದ ಇಟ್ಟಿಗೆಯ ರಾಶಿ, ಗುಂಡಿನ ಶಬ್ದ, ಜೊತೆಗಾರರ ಕೂಗು ಎಲ್ಲವನ್ನೂ ತುಂಬಿದ ಚಾತುರ್ಯವನ್ನು ಮೆಚ್ಚಲೇಬೇಕು. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಗುಂಡು ಎಡದಿಂದ ಬಂತೋ ಬಲದಿಂದ ಬಂತೋ ತಿಳಿಯುತ್ತದೆ. ಹಿಂದಿನಿಂದಲೋ ಮುಂದಿನಿಂದಲೋ ಎಂಬುದು ಮಾತ್ರ ತಿಳಿಯದು, ಏಕೆಂದರೆ ಇದು ಎರಡೇ ಕವಲಿನ ಸ್ಟೀರಿಯೋ ಧ್ವನಿ.

ಇನ್ನೊಂದು ಗುಣವನ್ನೂ ಹೇಳಬೇಕು. ಎರಡನೇ ಮಹಾಯುದ್ಧ ಎಂದೊಡನೆ ಸಿನಿಮಾದವರೂ ಆಟದವರೂ ನಾರ್ಮಂಡಿಯ ಕಡಲತೀರಕ್ಕೆ ಓಡುತ್ತಾರೆ. ಈ ಆಟ ಕೆನಡಾದವರ ಜೊತೆಗೆ ಶೆಲ್ಟ್ ನದೀಮುಖದ ಕೆಸರಿಗೂ ಇಳಿಯುತ್ತದೆ. ಬೆಲ್ಜಿಯಂನ ಆಂಟ್‌ವರ್ಪ್ ಬಂದರು 1944ರ ಸೆಪ್ಟೆಂಬರ್ 4ರಂದೇ ಮಿತ್ರಪಕ್ಷಗಳ ಕೈಸೇರಿತ್ತು. ಆದರೆ ಬಂದರಿಗೆ ಹೋಗುವ ನದಿಯ ಎರಡೂ ದಡಗಳಲ್ಲಿ ಜರ್ಮನ್ನರಿದ್ದರು. ಬೀಗದ ಕೈ ಸಿಕ್ಕಿದೆ, ಬಾಗಿಲ ತನಕ ಹೋಗಲು ದಾರಿಯಿಲ್ಲ ಎಂಬ ಸ್ಥಿತಿ. ನೀರು ನುಗ್ಗಿಸಿದ ಹೊಲಗಳಲ್ಲಿ, ಕಿರಿದಾದ ಏರಿಗಳ ಮೇಲೆ ಕೆನಡಾದ ಸೇನೆ ಐದು ವಾರ ಕಾದಾಡಿತು. ಅವರಲ್ಲಿ ಸತ್ತವರು, ಗಾಯಗೊಂಡವರು ಮತ್ತು ಕಾಣೆಯಾದವರ ಸಂಖ್ಯೆ 6,367. ಮೊದಲ ಹಡಗುಗಳ ತಂಡ ಬಂದರು ತಲುಪಿದ್ದು ನವೆಂಬರ್ 28ಕ್ಕೆ. ಪಠ್ಯಪುಸ್ತಕದಲ್ಲಿ ಒಂದು ಸಾಲೂ ಸಿಗದ ಈ ಕಾಳಗದ ಹೆಸರನ್ನು ಹುಡುಗನೊಬ್ಬ ಆಟದ ಮೂಲಕ ಕೇಳಿ, ಅಟ್ಲಾಸ್ ತೆರೆದು ನೋಡಿದರೆ ಅದು ಲಾಭವೇ.

ಫ್ಯಾನಿನ ಸ್ವಿಚ್ಚು, ಫ್ಯಾನಿನ ರೆಗ್ಯುಲೇಟರ್

ಇನ್ನು ಗುಂಡಿಗಳ ವಿಷಯ. ಇಂಥ ಆಟದಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಕಾಲು ಒಂದು ಕಡೆ ನಡೆಯಬೇಕು, ಕಣ್ಣು ಇನ್ನೊಂದು ಕಡೆ ನೋಡಬೇಕು. ಟಿವಿಗೆ ಜೋಡಿಸುವ ಯಂತ್ರಗಳಲ್ಲಿ ಎರಡು ಹೆಬ್ಬೆರಳಿಗೂ ಒಂದೊಂದು ಪುಟ್ಟ ಕಡ್ಡಿ ಇರುತ್ತದೆ: ಎಡದ್ದು ನಡಿಗೆಗೆ, ಬಲದ್ದು ನೋಟಕ್ಕೆ. ಪಿ.ಎಸ್.ಪಿ.ಯಲ್ಲಿ ಇದ್ದದ್ದು ಒಂದೇ, ಅದೂ ಎಡಗಡೆ. ಕಡ್ಡಿಯೆಂದೂ ಹೇಳಲಾಗದು, ಹೆಬ್ಬೆರಳಿನ ಕೆಳಗೆ ಅತ್ತಿತ್ತ ಜಾರುವ ಒಂದು ಬಿಲ್ಲೆ. ಹಾಗಾಗಿ ಬಲಗಡೆಯ ತ್ರಿಕೋನ, ವೃತ್ತ, ಚೌಕ, ಗುಣಾಕಾರ ಚಿಹ್ನೆಗಳ ನಾಲ್ಕು ಗುಂಡಿಗಳನ್ನೇ ನೋಟಕ್ಕೆ ಬಳಸಬೇಕಾಯಿತು. ತ್ರಿಕೋನ ಒತ್ತಿದರೆ ಮೇಲೆ, ಗುಣಾಕಾರ ಒತ್ತಿದರೆ ಕೆಳಗೆ.

ಇಲ್ಲಿ ತೊಡಕಿದೆ. ಜಾರುವ ಬಿಲ್ಲೆಯನ್ನು ಸ್ವಲ್ಪ ತಳ್ಳಿದರೆ ಸ್ವಲ್ಪ, ಪೂರ್ತಿ ತಳ್ಳಿದರೆ ಪೂರ್ತಿ. ಫ್ಯಾನಿನ ರೆಗ್ಯುಲೇಟರ್ ಇದ್ದಂತೆ. ಗುಂಡಿ ಹಾಗಲ್ಲ, ಅದು ಸ್ವಿಚ್ಚು. ಒತ್ತಿದರೆ ಉಂಟು, ಬಿಟ್ಟರೆ ಇಲ್ಲ. ಅರ್ಧ ಡಿಗ್ರಿ ಮಾತ್ರ ಬಲಕ್ಕೆ ತಿರುಗಬೇಕು ಎಂದರೆ ಗುಂಡಿಯನ್ನು ಚಿಟಿಕೆ ಹೊಡೆದಂತೆ ತಟ್ಟಬೇಕು. ತಟ್ಟಿದ್ದು ಹೆಚ್ಚಾದರೆ ಗುರಿ ದಾಟಿತು, ಮತ್ತೆ ಎಡಕ್ಕೆ ತಟ್ಟಬೇಕು. ಅಷ್ಟರಲ್ಲಿ ಸಾಸಿವೆ ಕಾಳು ಗುಂಡು ಹಾರಿಸಿರುತ್ತದೆ. ಸಾಲದ್ದಕ್ಕೆ ಎಡಗೈ ಹೆಬ್ಬೆರಳಿಗೆ ಬಿಲ್ಲೆಯ ಮೇಲಿರುವ ದಿಕ್ಕಿನ ಗುಂಡಿಗಳ ಹೊಣೆಯೂ ಉಂಟು. ಅವುಗಳನ್ನು ಒತ್ತಲು ಬೆರಳೆತ್ತಿದೊಡನೆ ನಡಿಗೆ ನಿಲ್ಲುತ್ತದೆ. ಗುಂಡಿನ ಮಳೆಯ ನಡುವೆ ಸೈನಿಕ ಕಂಬದಂತೆ ನಿಂತುಬಿಡುವುದನ್ನು ನೋಡಿದರೆ ಅಯ್ಯೋ ಎನಿಸುತ್ತದೆ. ಗುಂಡಿಗಳ ಜೋಡಣೆಯನ್ನು ಬದಲಿಸಿಕೊಳ್ಳಲು ಆಟದಲ್ಲಿ ಅವಕಾಶವಿದೆ ನಿಜ. ಆದರೆ ಯಾವ ಜೋಡಣೆಯೂ ಇಲ್ಲದ ಎರಡನೇ ಬಿಲ್ಲೆಯನ್ನು ತಂದುಕೊಡಲಾರದು. ಸೋನಿ 2011ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಮುಂದಿನ ಕೈಯಂತ್ರ ವೀಟಾದಲ್ಲಿ ಎರಡು ಕಡ್ಡಿಗಳಿದ್ದವು. (ಕಡ್ಡಿ ಎರಡಾದರೆ ಆಟ ಚೆನ್ನಾಗಿರಲೇಬೇಕೆಂದೇನೂ ಇಲ್ಲ. ವೀಟಾಗೆ 2012ರಲ್ಲಿ ಬಂದ ಇದೇ ಮಾಲೆಯ ‘ಬ್ಲ್ಯಾಕ್ ಆಪ್ಸ್: ಡಿಕ್ಲಾಸಿಫೈಡ್’ ವಿಮರ್ಶಕರಿಂದ ಇದಕ್ಕಿಂತ ಹೆಚ್ಚು ಬೈಸಿಕೊಂಡಿತು.)

ಗುರಿ ಇಡುವವರು ಯಾರು?

ಚಿಕ್ಕ ಪರದೆ, ಒರಟು ಗುಂಡಿ. ಈ ಎರಡಕ್ಕೂ ತಯಾರಕರು ಕಂಡುಕೊಂಡ ಮದ್ದು ಒಂದೇ: ಗುರಿಯನ್ನು ಯಂತ್ರವೇ ಹಿಡಿದುಕೊಡುವುದು. ಪೆಟ್ಟಿಗೆಯ ಎಡ ಅಂಚಿನ ಗುಂಡಿ ಒತ್ತಿದರೆ ನೋಟ ತಾನಾಗಿ ಶತ್ರುವಿನ ಕಡೆ ಎಳೆದುಕೊಳ್ಳುತ್ತದೆ. ಬಲ ಅಂಚಿನ ಗುಂಡಿ ಒತ್ತಿದರೆ ಗುಂಡು ಹಾರುತ್ತದೆ. ಎಡ, ಬಲ. ಎಡ, ಬಲ. ಅರ್ಧ ಗಂಟೆಯಲ್ಲಿ ಬೆರಳುಗಳಿಗೆ ಈ ತಾಳ ಹಿಡಿಯುತ್ತದೆ. ಆಮೇಲೆ ಆಟ ಸಲೀಸು.

ತಾಂತ್ರಿಕವಾಗಿ ನೋಡಿದರೆ ಇದು ಜಾಣತನದ ಪರಿಹಾರ. ಇದಿಲ್ಲದಿದ್ದರೆ ಆ ಯಂತ್ರದಲ್ಲಿ ಈ ಬಗೆಯ ಆಟವೇ ಸಾಧ್ಯವಾಗುತ್ತಿರಲಿಲ್ಲ ಎನ್ನಬಹುದು. ಆದರೆ ಇದರಿಂದ ಕೈತಪ್ಪಿ ಹೋದದ್ದು ಏನು? ಹುಡುಕುವುದು, ಗುರುತಿಸುವುದು, ತಡೆದು ನೋಡುವುದು. ಹೊಗೆಯೊಳಗೆ ಕಂಡ ಆಕೃತಿ ನಮ್ಮವನೋ ಅವರವನೋ ಎಂಬ ಸಂಶಯಕ್ಕೆ ಇಲ್ಲಿ ಎಡೆಯೇ ಇಲ್ಲ. ಯಂತ್ರ ಹಿಡಿದ ಗುರಿ ಎಂದಮೇಲೆ ಅದು ಶತ್ರುವೇ. ಯಂತ್ರ ಎಂದೂ ತಪ್ಪುವುದಿಲ್ಲ.

ನಿಜವಾದ ಯುದ್ಧದಲ್ಲಿ ಮನುಷ್ಯರು ತಪ್ಪುತ್ತಾರೆ. ಈ ಆಟದಲ್ಲಿರುವ ಅದೇ 82ನೇ ಏರ್‌ಬೋರ್ನ್ ಡಿವಿಷನ್ನಿನ ಚರಿತ್ರೆಯಲ್ಲೇ ಒಂದು ರಾತ್ರಿ ಇದೆ. 1943ರ ಜುಲೈ 11. ಉತ್ತರ ಆಫ್ರಿಕಾದಿಂದ 144 ವಿಮಾನಗಳು ಆ ಡಿವಿಷನ್ನಿನ ಪ್ಯಾರಾಚೂಟ್ ಸೈನಿಕರನ್ನು ಹೊತ್ತು ಸಿಸಿಲಿ ದ್ವೀಪದ ಕಡೆ ಹೊರಟವು. ಕೆಳಗೆ ಕಡಲಲ್ಲೂ ತೀರದಲ್ಲೂ ಇದ್ದದ್ದು ಅವರದೇ ನೌಕೆಗಳು, ಅವರದೇ ತೋಪುಗಳು. ಅದಕ್ಕೆ ಸ್ವಲ್ಪ ಮುಂಚೆ ಜರ್ಮನ್ ವಿಮಾನಗಳು ಅಲ್ಲಿ ದಾಳಿ ಮಾಡಿ ಹೋಗಿದ್ದವು. ಮೊದಲ ವಿಮಾನಗಳು ಸುರಕ್ಷಿತವಾಗಿ ದಾಟಿದವು. ಆಮೇಲೆ ಕೆಳಗಿನಿಂದ ಯಾರೋ ಒಬ್ಬ ಗುಂಡು ಹಾರಿಸಿದ. ಅವನನ್ನು ನೋಡಿ ಇನ್ನೊಬ್ಬ, ಇನ್ನೊಬ್ಬನನ್ನು ನೋಡಿ ಎಲ್ಲರೂ. 23 ವಿಮಾನಗಳು ತಮ್ಮವರ ಗುಂಡಿಗೇ ಉರುಳಿದವು. ಕೆಳಗಿದ್ದವರಿಗೆ ಎಡ ಅಂಚಿನ ಗುಂಡಿ ಇರಲಿಲ್ಲ.

ಯುದ್ಧದ ಅತಿ ಕಷ್ಟದ ಕೆಲಸವನ್ನು ಯಂತ್ರ ಸದ್ದಿಲ್ಲದೆ ತಾನೇ ಮಾಡಿ, ಅತಿ ಸುಲಭದ ಕೆಲಸವನ್ನು, ಅಂದರೆ ಕುದುರೆ ಎಳೆಯುವುದನ್ನು ಮಾತ್ರ ಆಟಗಾರನಿಗೆ ಬಿಡುತ್ತದೆ. ಪೋಷಕರು ಸಾಮಾನ್ಯವಾಗಿ ಕೇಳುವುದು ‘ರಕ್ತ ಎಷ್ಟು ತೋರಿಸುತ್ತಾರೆ?’ ಎಂದು. ಅಮೆರಿಕದ ಇ.ಎಸ್.ಆರ್.ಬಿ. ಮಂಡಳಿ ಈ ಆಟಕ್ಕೆ ಕೊಟ್ಟದ್ದು ‘ಟಿ’ ಗುರುತು, ಅಂದರೆ 13 ವರ್ಷಕ್ಕೆ ಮೇಲ್ಪಟ್ಟವರಿಗೆ. ರಕ್ತದ ಲೆಕ್ಕದಲ್ಲಿ ಇದು ಅಂಥ ಭೀಕರ ಆಟವಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ, ಹುಡುಗ ಇದರಲ್ಲಿ ಏನನ್ನು ತಾನೇ ನಿರ್ಧರಿಸುತ್ತಿದ್ದಾನೆ ಎಂಬುದು. ಜೊತೆಗಿರುವ ಸೈನಿಕರೂ ಗೊಂಬೆಗಳಂತೆಯೇ ವರ್ತಿಸುತ್ತಾರೆ. ಅವರು ಬದುಕಿದರೂ ಅಷ್ಟೇ, ಬಿದ್ದರೂ ಅಷ್ಟೇ. ಅವರ ಹೆಸರು ನೆನಪಿನಲ್ಲಿ ಉಳಿಯುವುದಿಲ್ಲ.

ಬೆಳಗಾವಿಯ ರೆಜಿಮೆಂಟು

ಆಟ ಇಟಲಿಯ ನೆಲಕ್ಕೂ ಹೋಗುತ್ತದೆ. ಅಲ್ಲಿ ಕಾದಾಡಿದವರು ಅಮೆರಿಕದವರು ಮಾತ್ರ ಎಂದು ಆಡಿದ ಹುಡುಗ ತಿಳಿದರೆ ತಪ್ಪು ಅವನದಲ್ಲ. ಭಾರತೀಯ ಸೇನೆಯ ನಾಲ್ಕನೇ, ಎಂಟನೇ ಮತ್ತು ಹತ್ತನೇ ಡಿವಿಷನ್‌ಗಳು ಇಟಲಿಯಲ್ಲಿ ಹೋರಾಡಿದ್ದವು. ಐದು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಆ ನೆಲದಲ್ಲಿ ಮಡಿದರು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೈನಿಕರೂ ಅವರಲ್ಲಿದ್ದರು.

ಆ ರೆಜಿಮೆಂಟಿನ ನಾಯಕ್ ಯಶವಂತ ಘಾಡ್ಗೆಯವರ ಕಥೆಯನ್ನು ಈ ಆಟದ ಪಕ್ಕದಲ್ಲಿಟ್ಟು ನೋಡಬೇಕು. 1944ರ ಜುಲೈ 10, ಇಟಲಿಯ ಮೇಲಣ ಟೈಬರ್ ಕಣಿವೆ. ಹತ್ತಿರದಿಂದ ಮೆಷಿನ್‌ಗನ್ ಗುಂಡಿನ ಸುರಿಮಳೆಗೆ ಅವರ ಸೆಕ್ಷನ್ನಿನಲ್ಲಿ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸತ್ತರು ಇಲ್ಲವೆ ಗಾಯಗೊಂಡರು. 22 ವರ್ಷದ ಘಾಡ್ಗೆ ಒಬ್ಬರೇ ಮುನ್ನುಗ್ಗಿ ಕೈಬಾಂಬು ಎಸೆದು ಮೆಷಿನ್‌ಗನ್ನನ್ನು ಅಡಗಿಸಿದರು, ಒಬ್ಬನನ್ನು ಗುಂಡಿಟ್ಟು ಕೊಂದರು. ಅಷ್ಟರಲ್ಲಿ ಗುಂಡು ಮುಗಿಯಿತು. ಮದ್ದುಗುಂಡಿನ ಹೊಸ ಮ್ಯಾಗಜಿನ್ ಹಾಕಿಕೊಳ್ಳಲು ಪುರುಸೊತ್ತಿಲ್ಲ. ಬಂದೂಕಿನ ನಳಿಗೆಯನ್ನೇ ಹಿಡಿದು ಬೀಸಿ ಉಳಿದಿಬ್ಬರನ್ನು ಹೊಡೆದರು. ಮರೆಯಿಂದ ಹಾರಿದ ಗುಂಡುಗಳು ಎದೆಗೂ ಬೆನ್ನಿಗೂ ತಾಗಿ, ತಾವು ಗೆದ್ದ ಅದೇ ಠಾಣೆಯಲ್ಲಿ ಪ್ರಾಣಬಿಟ್ಟರು. ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಬಂತು. 2023ರ ಜುಲೈನಲ್ಲಿ ಇಟಲಿಯ ಮೊಂಟೋನೆ ಪಟ್ಟಣದಲ್ಲಿ ಅವರ ಹೆಸರಿನ ನೆರಳುಗಡಿಯಾರದ ಸ್ಮಾರಕವೊಂದು ಅನಾವರಣಗೊಂಡಿತು.

ಆಟದಲ್ಲಿ ಮ್ಯಾಗಜಿನ್ ಬದಲಿಸುವುದು ಒಂದು ಗುಂಡಿಯ ಕೆಲಸ. ‘ಪುರುಸೊತ್ತಿಲ್ಲ’ ಎಂಬ ಸ್ಥಿತಿಯ ಅರ್ಥ ಆಟಗಾರನಿಗೆ ತಿಳಿಯುವುದೇ ಇಲ್ಲ, ಏಕೆಂದರೆ ಸತ್ತರೆ ಮತ್ತೆ ಮೊದಲಿನಿಂದ ಆಡಬಹುದು. 82ನೇ ಡಿವಿಷನ್ನಿನವರು 1944ರ ಸೆಪ್ಟೆಂಬರ್ 20ರಂದು ಹಾಲೆಂಡಿನ ನೈಮೇಗೆನ್ ಬಳಿ ವಾಲ್ ನದಿಯನ್ನು ಕ್ಯಾನ್‌ವಾಸ್ ದೋಣಿಗಳಲ್ಲಿ ಹಾಡಹಗಲೇ ದಾಟಿದರು. ಆ ದಾಟುವಿಕೆಯಲ್ಲಿ ಸತ್ತವರ ನೆನಪಿಗೆ ಅಲ್ಲಿನ ಹೊಸ ಸೇತುವೆಯ ಮೇಲೆ 48 ಜೋಡಿ ದೀಪಗಳಿವೆ. 2013ರಲ್ಲಿ ಸೇತುವೆ ತೆರೆದ ಮೇಲೆ, ಸಂಜೆ ಅವು ನಿಧಾನ ನಡಿಗೆಯ ಲಯಕ್ಕೆ ಒಂದಾದ ಮೇಲೊಂದು ಜೋಡಿಯಾಗಿ ಹತ್ತುವಂತೆ ಮಾಡಿದ್ದಾರೆ. ಇಂಥದನ್ನು ಆಟ ತೋರಿಸಬೇಕಿತ್ತು ಎಂದು ವಾದಿಸುವುದು ಅತಿಯಾದೀತು. ಆದರೆ ಮನೆಯಲ್ಲಿ ಯಾರಾದರೂ ಹೇಳಬಹುದಲ್ಲ?

ಮುಗಿಯುವ ಆಟ, ಮುಗಿಯದ ಆಟ

ಈಗ ಹಳೆಯ ದೂರುಗಳಿಗೆ ಬರೋಣ. 14 ಹಂತಗಳನ್ನು ಪಳಗಿದ ಹುಡುಗ ಒಂದು ಶನಿವಾರ, ಭಾನುವಾರದಲ್ಲಿ ಮುಗಿಸಿಬಿಡುತ್ತಾನೆ. ಕೊಟ್ಟ ಹಣಕ್ಕೆ ಇಷ್ಟೇನೇ ಎಂದು ಅಂದಿನವರು ಗೊಣಗಿದ್ದು ಸಹಜ. ಜೊತೆಗೆ ಆಡಬೇಕೆಂದರೆ ಒಂದೇ ಕೋಣೆಯಲ್ಲಿ ಹೆಚ್ಚೆಂದರೆ ಆರು ಜನ, ಪ್ರತಿಯೊಬ್ಬರ ಕೈಯಲ್ಲೂ ಯಂತ್ರ, ಯಂತ್ರದಲ್ಲಿ ಬಿಲ್ಲೆ. 2006ರಲ್ಲೇ ಬಂದ ಎದುರಾಳಿ ಆಟ ‘ಮೆಡಲ್ ಆಫ್ ಆನರ್: ಹೀರೋಸ್’ನಲ್ಲಿ ಇಂಟರ್‌ನೆಟ್ ಮೂಲಕ 32 ಜನ ಆಡಬಹುದಿತ್ತು. ಈ ಪೈಪೋಟಿಯಲ್ಲಿ ‘ರೋಡ್ಸ್ ಟು ವಿಕ್ಟರಿ’ ಸೋತಿತು.

ಇಂದಿನ ಸ್ಥಿತಿ ಬೇರೆ. 2019ರ ಅಕ್ಟೋಬರ್‌ನಲ್ಲಿ ಇದೇ ಮಾಲೆಯ ‘ಕಾಲ್ ಆಫ್ ಡ್ಯೂಟಿ: ಮೊಬೈಲ್’ ಫೋನಿಗೆ ಬಂತು. ಇಳಿಸಿಕೊಳ್ಳಲು ಕಾಸಿಲ್ಲ. ಫೋನಿನಲ್ಲಿ ಬಿಲ್ಲೆಯೂ ಇಲ್ಲ, ಗುಂಡಿಯೂ ಇಲ್ಲ, ಬರೀ ಗಾಜು. ಆದ್ದರಿಂದ ಹಳೆಯ ಮದ್ದು ಇನ್ನಷ್ಟು ಗಟ್ಟಿಯಾಯಿತು: ಅದರ ಸರಳ ವಿಧಾನದಲ್ಲಿ ನೋಟ ಶತ್ರುವಿನ ಮೇಲೆ ಬಿದ್ದರೆ ಸಾಕು, ಗುಂಡು ತಾನಾಗಿಯೇ ಹಾರುತ್ತದೆ. ಬಲ ಅಂಚಿನ ಗುಂಡಿಯ ಕೆಲಸವೂ ಉಳಿಯಲಿಲ್ಲ. ಅಪರಿಚಿತರೊಡನೆ ಆಟ, ಬಣ್ಣಬಣ್ಣದ ಬಂದೂಕುಗಳಿಗೆ ಹಣ, ಒಂದು ಋತು ಮುಗಿದರೆ ಮತ್ತೊಂದು ಋತು. ಅದಕ್ಕೆ ಕೊನೆಯ ಹಂತ ಎಂಬುದೇ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ‘ಇದೊಂದೇ ಆಟ ಅಪ್ಪಾ’ ಎನ್ನುವ ಹುಡುಗ ಸುಳ್ಳು ಹೇಳುತ್ತಿರುವುದಿಲ್ಲ. ಆ ಆಟ ಮುಗಿದೊಡನೆ ಇನ್ನೊಂದು ಶುರುವಾಗುವಂತೆ ಅದನ್ನು ಕಟ್ಟಿದ್ದಾರೆ.

ಇದಕ್ಕೆ ಹೋಲಿಸಿದರೆ ಹಳೆಯ ಬಿಲ್ಲೆಯ ಆಟ ಸಂಭಾವಿತ. ಒಮ್ಮೆ ಹಣ ಕೊಟ್ಟರೆ ಆಯಿತು, ಮತ್ತೆ ಕೇಳುವುದಿಲ್ಲ. ಆಡುವವರು ಅಕ್ಕಪಕ್ಕದ ಮನೆಯ ಹುಡುಗರು, ಮುಖ ಕಾಣುತ್ತದೆ, ಗದ್ದಲ ಕೇಳಿಸುತ್ತದೆ. ಹದಿನಾಲ್ಕನೇ ಹಂತ ಮುಗಿದ ಮೇಲೆ ತಯಾರಕರ ಹೆಸರುಗಳು ಪರದೆಯ ಮೇಲೆ ಏರಿ ಬರುತ್ತವೆ. ಬ್ಯಾಟರಿ ನಾಲ್ಕೈದು ಗಂಟೆಯಲ್ಲಿ ತಾನೇ ಕೈಚೆಲ್ಲುತ್ತದೆ. ಇದನ್ನೆಲ್ಲ ಕೊರತೆಗಳ ಪಟ್ಟಿಯಲ್ಲಿ ಬರೆದಿದ್ದರು!

ಪಿ.ಎಸ್.ಪಿ.ಯ ಸರಬರಾಜನ್ನು ಸೋನಿ 2014ರಲ್ಲಿ ನಿಲ್ಲಿಸಿತು. ಈಗ ಸಿಗುವುದು ಕೈಬದಲಾದ ಯಂತ್ರಗಳು, ಇಲ್ಲವೇ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಣ್ಣನೋ ಚಿಕ್ಕಪ್ಪನೋ ಬಿಟ್ಟುಹೋದದ್ದು. ಅಂಥದನ್ನು ಹೊರತೆಗೆಯುವವರು ಮೊದಲು ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿ ನೋಡಬೇಕು. ಒಳಗಿರುವುದು ಲಿಥಿಯಂ ಅಯಾನ್ ಬ್ಯಾಟರಿ. ವರ್ಷಗಟ್ಟಲೆ ಹಾಗೆಯೇ ಬಿದ್ದಿದ್ದರೆ ಒಳಗೆ ಅನಿಲ ಸೇರಿ ಹಪ್ಪಳದಂತೆ ಉಬ್ಬಿರುವ ಸಂಭವವುಂಟು. ಉಬ್ಬಿದ್ದರೆ ಅದನ್ನು ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಬಾರದು, ಮನೆಯ ಕಸದ ಬುಟ್ಟಿಗೂ ಹಾಕಬಾರದು, ವಿದ್ಯುನ್ಮಾನ ತ್ಯಾಜ್ಯ ಪಡೆಯುವವರಿಗೆ ಕೊಡಬೇಕು. ಬಿಲ್ಲೆಯ ಪ್ಲಾಸ್ಟಿಕ್ ಕವಚ ಬಿರುಕು ಬಿಟ್ಟಿದೆಯೇ ಎಂದೂ ನೋಡಿಕೊಳ್ಳಬೇಕು. ಎರಡೂ ಸರಿಯಿದ್ದರೆ ಮೊದಲ ಹಂತವನ್ನು ಮಗನ ಪಕ್ಕ ಕುಳಿತು ಅಪ್ಪ ಅಮ್ಮನೂ ಒಮ್ಮೆ ಆಡಿ ನೋಡಬಹುದು. ಎಡ ಅಂಚಿನ ಗುಂಡಿಯನ್ನು ಮುಟ್ಟದೆ ಆಡುವುದು ಎಷ್ಟು ಕಷ್ಟ ಎಂಬುದು ಐದೇ ನಿಮಿಷದಲ್ಲಿ ತಿಳಿಯುತ್ತದೆ.